ಹಳೇ ಸ್ವಿಫ್ಟಿಗೆ ಬೇಸಿನ ಡಬ್ಬಿ

ನಮ್ಮ ಓಣಿಯಾಗ ಈಗಾಗ್ಲೇ ನಾಕು ಮಂದಿ ಕೇಳಿ ಮುಗಿಸ್ಯಾರ. ಕಂಪ್ಲಿಯಿಂದ ಚಿಗವ್ವ ಫೋನ್ ಮಾಡಿನೂ ಕೇಳಿದ್ಲು: "ಏನವಾ, ನಿಮ್ಮ ಕಾರಿಗೆ ಡೀಜೆ ಹಾಕ್ಸೀರಂತ?" ಡೀಜೆ ಅಲ್ಲ ಚಿಗವ್ವ. ಅದು ಸಬ್‌ವೂಫರ್ ಅಂತ ಒಂದು ಡಬ್ಬಿ. ಹಾಡಿನಾಗಿನ ದಪ್ಪ ದನಿ, ಅಂದ್ರ ಡೊಳ್ಳು, ಡಗ್ಗಾ, ಮದ್ದಲಿ ಎಡಗಡೆ, ಇಂಥಾವನ್ನ ಮಾತ್ರ ಕೇಳಿಸೋ ಸ್ಪೀಕರು. ಅದಕ್ಕ ಶಕ್ತಿ ಕೊಡೋ ಆಂಪ್ಲಿಫೈಯರ್ ಬ್ಯಾರೆ ಬೇಕು. ನಮ್ಮದರಾಗ ಎರಡೂ ಒಂದೇ ಡಬ್ಬಿಯೊಳಗ ಅದಾವು. ಹೊರಗ ನಿಂತವ್ರಿಗೆ ಏನೂ ಕೇಳಂಗಿಲ್ಲ. ಕೇಳಿದ್ರ ನನಗ ಬಂದು ಹೇಳ್ರಿ, ಕಡಿಮಿ ಮಾಡ್ಸತೀನಿ.

ಹಾಕ್ಸಿದ್ದು ಯಾಕ, ಏನೇನು ನೋಡಿ ಹಾಕ್ಸಿದ್ವಿ ಅಂತ ಬರೀತೀನಿ. ನಿಮ್ಮ ಮನಿ ಹುಡುಗ್ರೂ ಇದನ್ನ ಕೇಳೇ ಕೇಳ್ತಾರ. ಅಂಗಡಿಯವ ಹೇಳಿದ್ದಕ್ಕ ಹೂಂ ಅನ್ನೋಕಿಂತ ಮೊದಲು ಮನಿ ಹೆಣ್ಮಕ್ಕಳಿಗೆ ನಾಕು ಮಾತು ಗೊತ್ತಿದ್ರ ಚಲೋ. ವಾಯರು ಸುಟ್ರ ಕಾರು ನಮ್ಮದು, ಒಳಗ ಕುಂತವ್ರೂ ನಮ್ಮವ್ರು.

ನಮ್ಮದು 2012ರ ಸ್ವಿಫ್ಟ್. ಸೆಕೆಂಡ್ ಹ್ಯಾಂಡ್ ತಗೊಂಡಿದ್ವಿ. ಕಂಪನಿ ಕೊಟ್ಟ ಸ್ಟೀರಿಯೋ ಇನ್ನೂ ಹಂಗೇ ಐತಿ. ಡ್ಯಾಶ್‌ಬೋರ್ಡಿನಾಗ ಅಚ್ಚು ಹೊಯ್ದಂಗ ಕುಂತೈತಿ, ಸೀಡಿ ತಗೋತೈತಿ, ಪೆನ್‌ಡ್ರೈವ್ ತಗೋತೈತಿ. ನಮ್ಮ ಮಗ ಎರಡು ವರ್ಷದಿಂದ ಗಂಟು ಬಿದ್ದಿದ್ದ, ಡಿಕ್ಕಿಯಾಗ 12 ಇಂಚಿನ ಬಾಸ್ ಟ್ಯೂಬ್ ಹಾಕ್ಸೂಣು ಅಂತ. ನಾವು ಬ್ಯಾಡ ಅಂದಿದ್ವಿ. ಸ್ವಿಫ್ಟಿನ ಡಿಕ್ಕಿ ಮೊದಲೇ ಸಣ್ಣದು, 204 ಲೀಟರು. ಕಂಪ್ಲಿಯಿಂದ ಬರುವಾಗ ಒಂದು ಅಕ್ಕಿ ಚೀಲ, ಒಂದು ಬಾಳಿಗೊನಿ ಇಟ್ರ ಮುಗೀತು. ಅದರಾಗ ಪೀಪಾಯಿ ಇಟ್ಟು ಅಕ್ಕಿ ಚೀಲ ತೊಡಿ ಮ್ಯಾಲ ಇಟ್ಕೊಂಡು ಬರಬೇಕೇನು?

ಆಮ್ಯಾಲ ಮಾತು ಬದಲಾದದ್ದು ನಮ್ಮ ಅವ್ವನ ಸಲುವಾಗಿ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಂನ 19ನೇ ಗೇಟು ಚೈನು ಹರಕೊಂಡು ಕೊಚ್ಚಿ ಹೋತಲ್ಲ, ನಿಮಗೆಲ್ಲಾರಿಗೂ ನೆನಪು ಇರತೈತಿ. ಕಂಪ್ಲಿಯಾಗ ಅವ್ವನ ಮನಿ ನದಿ ಕಡೆ. ಡ್ಯಾಂನಿಂದ ನೀರು ಜೋರು ಬಿಟ್ರ ಕಂಪ್ಲಿ ಸೇತುವೆ ಮ್ಯಾಲ ನೀರು ಹರಿಯೋದು ನಮಗ ಹೊಸಾದಲ್ಲ. ಆದ್ರ ಈ ಸಲ ಗೇಟೇ ಇಲ್ಲ ಅಂದಾಗ ಎದಿ ಧಸಕ್ ಅಂತು. ಮರುದಿನ ಹೋಗಿ ಅವ್ವನ್ನ ಹೊಸಪೇಟೆಗೆ ಕರ್ಕೊಂಡು ಬಂದ್ವಿ. ವಾರದಾಗ ಗೇಟಿನ ಜಾಗದಾಗ ತಾತ್ಕಾಲಿಕ ಹಲಗಿ ಇಳಿಸಿ ನೀರು ನಿಂದ್ರಿಸಿದ್ರು. ಅವ್ವ ಮಾತ್ರ ವಾಪಸ್ ಒಬ್ಬಾಕೀನ ಇರೋದು ಬ್ಯಾಡ ಅಂತ ನಾವೇ ಹಟ ಹಿಡಿದ್ವಿ. ಆಕಿನೂ ಒಂದು ಷರತ್ತು ಹಾಕಿದ್ಲು: ವಾರಕ್ಕೊಮ್ಮೆ ಕಂಪ್ಲಿಗೆ ಕರ್ಕೊಂಡು ಹೋಗಬೇಕು, ಮನಿ ಬಾಗ್ಲು ತಗದು ದೇವ್ರಿಗೆ ದೀಪ ಹಚ್ಚಿ ಬರಬೇಕು.

ಹಂಗಾಗಿ ಪ್ರತಿ ಸೋಮವಾರ ಕಮಲಾಪುರ, ಬುಕ್ಕಸಾಗರ, ರಾಮಸಾಗರ ದಾಟಿ ಕಂಪ್ಲಿ. ಹೋಗೋದು ಒಂದು ತಾಸು, ಬರೋದು ಒಂದು ತಾಸು. ಅವ್ವಗ ಎಪ್ಪತ್ತಾರು. ಕಿವಿ ಮಿಷನ್ನು ಐತಿ. ಮನಿಯಾಗ ಹಾಕ್ಕೋತಾಳ, ಕಾರು ಹತ್ತಿದ ಕೂಡ್ಲೆ ತಗದು ಸೀರಿ ಸೆರಗಿನ ತುದಿಗೆ ಗಂಟು ಹಾಕ್ತಾಳ. ಯಾಕಂದ್ರ ಕಾರಿನಾಗ ಗಾಳಿ ಸಪ್ಪಳ, ಗಾಲಿ ಸಪ್ಪಳ ಎಲ್ಲಾನೂ ಮಿಷನ್ನು ದೊಡ್ಡದು ಮಾಡಿ ಕಿವಿಗೆ ತುರುಕತೈತಿ, ತಲಿ ಸಿಡೀತೈತಿ ಅಂತಾಳ. ಮಿಷನ್ ಇಲ್ದ ಮಾತು ತಿಳಿಯಂಗಿಲ್ಲ. ಹಿಂಗಾಗಿ ಎರಡು ತಾಸು ಸುಮ್ಮನ ಕಿಟಕಿ ನೋಡ್ತಾ ಕುಂದರತಿದ್ಲು. ನನಗ ಅದು ನೋಡಾಕ ಆಗ್ತಿರಲಿಲ್ಲ.

ಅದೇ ಹೊತ್ತಿಗೆ ಸಂಡೂರಿನಾಗಿರೋ ನಮ್ಮ ಅಕ್ಕ ಮೂರು ಕ್ಯಾಸೆಟ್ ಕಳಿಸಿದ್ಲು. ನಮ್ಮ ಅಪ್ಪ ಬಯಲಾಟಕ್ಕ ಮದ್ದಲಿ ಬಾರಿಸ್ತಿದ್ದ. ಹೊಲದ ಕೆಲಸ ಹಗಲಿಗೆ, ಸುಗ್ಗಿ ಮುಗಿದಮ್ಯಾಲ ಊರೂರು ಆಟ ರಾತ್ರಿಗೆ. ಕಂಪ್ಲಿ ಸುತ್ತ, ಸಂಡೂರು ಕಡೆ ಹಳ್ಳಿಯಾಗ, ಎಲ್ಲಿ ಕರದ್ರೂ ಹೋಗ್ತಿದ್ದ. ಅಪ್ಪ ತೀರಿ ಇಪ್ಪತ್ತು ವರ್ಷದ ಮ್ಯಾಲಾತು. ಆಗಿನ ಕಾಲದಾಗ ಭಾವ ಟೇಪ್ ರೆಕಾರ್ಡರ್ ಮಡಿಲಾಗ ಇಟ್ಕೊಂಡು ಕುಂತು ರೆಕಾರ್ಡ್ ಮಾಡಿದ್ದವು ಇವು. ಅಕ್ಕ ಒಂದರ ಮ್ಯಾಲ ಕೆಂಪು ಇಂಕಿನಾಗ "ಅಪ್ಪನ ಮದ್ದಲಿ" ಅಂತ ಬರದು, ಬೆಳ್ಳಿ ಸಾಮಾನಿನ ಜೋಡಿ ಟ್ರಂಕಿನಾಗ ಇಟ್ಟಿದ್ಲು. ಪ್ರತಿ ವರ್ಷ ಅಪ್ಪನ ಎಡಿ ಇಡೋ ದಿನ ಅದನ್ನ ಹಚ್ಚೋದು, ಅಳೋದು, ಉಣ್ಣೋದು.

ಮಗ ಅವನ್ನ ಲ್ಯಾಪ್‌ಟಾಪಿಗೆ ಇಳಿಸಿ ಪೆನ್‌ಡ್ರೈವಿಗೆ ಹಾಕಿದ. ಒಂದು ಕ್ಯಾಸೆಟ್ಟಿಗೆ ಬೂಷ್ಟು ಹಿಡದು ಸುರುಳಿ ಅಂಟ್ಕೊಂಡಿತ್ತು, ಬಿಚ್ಚಾಕ ಬರಲಿಲ್ಲ. ಎರಡು ಉಳದವು. ಸೋಮವಾರ ಕಾರಿನಾಗ ಹಚ್ಚಿದ್ವಿ. ತಾಳ ಕೇಳ್ತು, ಹಾರ್ಮೋನಿಯಂ ಕೇಳ್ತು, ಭಾಗವತರು ಒದರೋದು ಕೇಳ್ತು. ಮದ್ದಲಿ ಮಾತ್ರ ಡಬ್ಬಿ ಬಡದಂಗ ಟಿಕ್ ಟಿಕ್. ಅವ್ವ ಹೊಳ್ಳಿ ನೋಡಿ ಏನಂದ್ಲು ಗೊತ್ತೇನ್ರಿ?

"ಕಣಕ ಹಚ್ಚಿಲ್ಲ ಇದಕ್ಕ."

ಮದ್ದಲಿ ಬಲಗಡೆಗೆ ಕರಿ ಕರಣಿ ಮೊದಲೇ ಇರತೈತಿ. ಎಡಗಡೆಗೆ ಮಾತ್ರ ಪ್ರತಿ ಸಲ ಬಾರಿಸೋ ಮುಂದ ಹಿಟ್ಟಿನ ಕಣಕ ಹಚ್ಚಬೇಕು, ಆಟ ಮುಗಿದಮ್ಯಾಲ ಕೆರದು ತಗೀಬೇಕು. ಕಣಕ ಹೆಚ್ಚಾದಂಗ ದನಿ ದಪ್ಪ ಆಗಿ ಕೆಳಗ ಇಳೀತೈತಿ, ಕಡಿಮಿ ಆದ್ರ ಸಣ್ಣ ಆಗತೈತಿ. ಒಣಗಿದ್ರ ಕೆಡತೈತಿ. ನಮ್ಮ ಅಪ್ಪಗ ಆ ಕಣಕ ಕಲಸಿ ಒದ್ದಿ ಅರಿವಿಯಾಗ ಸುತ್ತಿ ಕೊಡ್ತಿದ್ದಾಕಿ ಅವ್ವ. ಆಟಕ್ಕ ಹೆಂಗಸ್ರು ಮುಂದ ಕೂಡೋ ಕಾಲ ಅಲ್ಲ ಅದು. ಆಕಿ ಹಿಂದ ಎಲ್ಲೋ ಕತ್ತಲಾಗ ಕುಂತು, ಎಡಗಡೆ ದನಿ ಕೇಳಿನೇ ತನ್ನ ಕಣಕ ಹದ ಬಂತೋ ಇಲ್ಲೋ ಅಂತ ನೋಡ್ತಿದ್ಲು. ಹಂಗಾಗಿ ಆಕಿಗೆ ಮದ್ದಲಿ ಅಂದ್ರ ಎಡಗಡೆನೇ.

ಮಗ ಅವತ್ತು ಹೇಳಿದ್ದು: "ಅಜ್ಜಿ ಹೇಳಿದ್ದು ಖರೇ ಐತಿ ಅಮ್ಮ. ಈ ಸ್ಪೀಕರಿಗೆ ಅದು ಬರಂಗಿಲ್ಲ." ದಪ್ಪ ದನಿ ಹುಟ್ಟಬೇಕಂದ್ರ ಸ್ಪೀಕರಿನ ಪರದಿ ಬಾಳ ಗಾಳಿ ನೂಕಬೇಕಂತ. ಬಾಗಲಾಗ ಕುಂತ ಅಂಗೈ ಅಗಲದ ಸ್ಪೀಕರು ಎಷ್ಟು ನೂಕೀತು. ಮ್ಯಾಲ, ಓಡೋ ಕಾರಿನ ಗಾಲಿ ಸಪ್ಪಳನೂ ದಪ್ಪ ದನಿನೇ, ಅದು ಇದ್ದ ಸ್ವಲ್ಪ ಬೇಸನ್ನೂ ಮುಚ್ಚಿ ಹಾಕತೈತಿ. ಇನ್ನೊಂದು ಮಾತು ನನ್ನ ತಲಿಯಾಗ ಕುಂತು ಬಿಡ್ತು. ವಯಸ್ಸಾದಂಗ ಮೊದಲು ಹೋಗೋದು ಸಣ್ಣ ದನಿ ಕೇಳೋ ಶಕ್ತಿ. ಮಾತಿನಾಗ ಸ, ಶ, ತ, ಕ ಹಿಂಥಾ ಅಕ್ಷರ ಗೊತ್ತಾಗೋದು ಆ ಸಣ್ಣ ದನಿಯಿಂದ. ಅದಕ್ಕ ಮುದುಕ್ರು "ದನಿ ಕೇಳತೈತಿ, ಏನಂದಿ ಅನ್ನೋದು ತಿಳಿಯಂಗಿಲ್ಲ" ಅನ್ನೋದು. ದಪ್ಪ ದನಿ ಕೇಳೋ ಶಕ್ತಿ ಬಾಳ ದಿನ ಉಳೀತೈತಿ. ಅಂದ್ರ ಅವ್ವಗ ಉಳದಿದ್ದ ದನಿನೇ ನಮ್ಮ ಸ್ಟೀರಿಯೋದಾಗ ಇರಲಿಲ್ಲ.

ನಾನು ನಮ್ಮ ಸಂಘದಾಗ ಇಟ್ಟಿದ್ದ ದುಡ್ಡು ತಗದೆ. ಮನಿಯಾಗೇ ಒಂದು ಸ್ಪೀಕರ್ ತಂದ್ರ ಆಗ್ತಿರಲಿಲ್ಲೇನು ಅಂತ ನೀವು ಕೇಳಬಹುದು. ನಮ್ಮನೆಯವರದು ತೋರಣಗಲ್ಲಿನ ಕಡೆ ಶಿಫ್ಟ್ ಕೆಲಸ, ಹಗಲು ಮಲಗ್ತಾರ. ಬೇಸು ಗೋಡಿ ದಾಟಿ ಹೋಗತೈತಿ, ಬಾಜೂಕಿನ ಮನಿಯವರದೂ ನಮ್ಮದೂ ಒಂದೇ ಗೋಡಿ. ಅವ್ವ ಬೇಕಂದಷ್ಟು ಹೊತ್ತು ಕೇಳೋ ಜಾಗ ಅಂದ್ರ ಆ ಕಂಪ್ಲಿ ದಾರಿನೇ.

ಇನ್ನ ಅಂಗಡಿ ಮಾತಿಗೆ ಬರ್ತೀನಿ.

ಮೊದಲು ಹೋದ ಅಂಗಡಿಯಾಗ ಬಾಸ್ ಟ್ಯೂಬಿನ ಡಬ್ಬಿ ಮ್ಯಾಲ 1200 ವ್ಯಾಟ್ ಅಂತ ದೊಡ್ಡದಾಗಿ ಬರದಿತ್ತು. ನಮ್ಮ ಮನಿ ಮಿಕ್ಸಿ 750 ವ್ಯಾಟು. ಹಿಂಗಂದ್ರ ಕಾರಿನ ಬ್ಯಾಟರಿ ಒಂದೂವರೆ ಮಿಕ್ಸಿ ತಿರುಗಿಸಬೇಕಾತು! ಮಗ ಸಣ್ಣ ಅಕ್ಷರ ತೋರಿಸಿದ. ಅದಕ್ಕ ಇದ್ದ ಫ್ಯೂಸು 20 ಆಂಪಿಯರಿನದು. ಇಂಜಿನ್ ಚಾಲೂ ಇದ್ದಾಗ ಕಾರಿನ ಕರೆಂಟು ಸುಮಾರು 14 ವೋಲ್ಟು. ಎರಡನ್ನೂ ಗುಣಿಸಿದ್ರ 280 ವ್ಯಾಟು. ಅದು ಒಳಗ ಹೋಗೋದು, ಅದರಾಗೂ ಒಂದಿಷ್ಟು ಬಿಸಿಯಾಗಿ ಹೋಗತೈತಿ. ಹೊರಗ 1200 ಎಲ್ಲಿಂದ ಬಂತು? "ಪೀಕ್" ಅಂತ ಬರದಿದ್ದನ್ನ ಬಿಟ್ಟು ಬಿಡ್ರಿ, "ಆರ್‌ಎಂಎಸ್" ಅಂತ ಇರೋ ಅಂಕಿ ಮಾತ್ರ ನೋಡ್ರಿ. ಸೇರು ತೂಕ ಗೊತ್ತಿದ್ದವ್ರಿಗೆ ಇದೇನು ಕಷ್ಟದ ಲೆಕ್ಕ ಅಲ್ಲ.

ಅದೇ ಅಂಗಡಿಯವ, "ಅಕ್ಕ, ವಾಯರು ಯಾಕ ಬ್ಯಾಟರಿ ತನಕ ಎಳೀಬೇಕು, ಸ್ಟೀರಿಯೋ ಹಿಂದಿನ ಕರೆಂಟಿಗೇ ಕೂಡಿಸಿ ಕೊಡ್ತೀನಿ, ಅರ್ಧ ತಾಸಿನ ಕೆಲಸ" ಅಂದ. ಸ್ಟೀರಿಯೋಕ್ಕ ಅಂತ ಕೊಟ್ಟ ಸಣ್ಣ ವಾಯರಿನಾಗ ಇದನ್ನೂ ಎಳದ್ರ ವಾಯರು ಬಿಸಿ ಆಗಂಗಿಲ್ಲೇನಪ್ಪ ಅಂತ ಕೇಳಿದೆ. ನಕ್ಕ. ನಾವು ಎದ್ದು ಬಂದ್ವಿ.

ಎರಡನೇ ಅಂಗಡಿಯವ ವಯಸ್ಸಾದಾತ, ಮಾತು ಕಡಿಮಿ. ಸೀಟಿನ ಕೆಳಗ ಸ್ಕೇಲು ಹಿಡದು ಅಳತಿ ತಗೊಂಡ. ಮುಂದಿನ ಎಡಗಡೆ ಸೀಟಿನ ಕೆಳಗ ಹಿಡಿಸೋ ಅಂಥಾ 8 ಇಂಚಿನ ತೆಳ್ಳನೆ ಸಬ್‌ವೂಫರ್ ಕೊಟ್ಟ. ರೊಟ್ಟಿ ಡಬ್ಬಿಯಷ್ಟೇ ಎತ್ತರ. ಆಂಪ್ಲಿಫೈಯರ್ ಒಳಗೇ ಐತಿ. 75 ವ್ಯಾಟ್ ಆರ್‌ಎಂಎಸ್. ಮಗನ ಮುಖ ಸಣ್ಣದಾತು. ಆದ್ರ ಆ ಸೀಟು ಅವ್ವ ಕೂಡೋ ಸೀಟು. ದನಿ ಕಿವಿಯಿಂದ ಅಷ್ಟೇ ಅಲ್ಲ, ಬೆನ್ನಿನಿಂದನೂ ಬರಲಿ ಅನ್ನೋದು ನಮ್ಮ ಲೆಕ್ಕ. ಡಿಕ್ಕಿನೂ ಅಕ್ಕಿ ಚೀಲಕ್ಕ ಉಳೀತು.

ಆತ ಕೆಲಸ ಮಾಡುವಾಗ ನಾನು ಅಲ್ಲೇ ಸ್ಟೂಲ್ ಹಾಕ್ಕೊಂಡು ಕುಂತಿದ್ದೆ. ನೋಡಿದ್ದು ಹೇಳ್ತೀನಿ, ನಿಮಗ ಉಪಯೋಗ ಆಗತೈತಿ.

ಕರೆಂಟಿನ ಮುಖ್ಯ ವಾಯರು ಸೀದಾ ಬ್ಯಾಟರಿಯಿಂದ ಬರಬೇಕು. ಬ್ಯಾಟರಿ ಬಿಟ್ಟು ಒಂದೂವರೆ ಅಡಿಯೊಳಗ ಫ್ಯೂಸ್ ಇರಬೇಕು. ಇದೊಂದು ತಪ್ಪಿದ್ರ ಉಳದದ್ದೆಲ್ಲಾ ಎಷ್ಟು ಚಲೋ ಇದ್ರೂ ದಂಡ. ಡಬ್ಬಿಯಾಗೇ ಫ್ಯೂಸ್ ಐತಲ್ಲ ಅಂತ ಕೆಲವ್ರು ಹೇಳ್ತಾರ. ಅದು ಡಬ್ಬಿ ಕಾಯೋ ಫ್ಯೂಸು. ಬ್ಯಾಟರಿ ಹತ್ರದ್ದು ವಾಯರು ಕಾಯೋ ಫ್ಯೂಸು. ವಾಯರು ಇಂಜಿನ್ನಿಗೂ ನಮ್ಮ ಕಾಲಿಗೂ ನಡುವಿನ ತಗಡು ದಾಟಿ ಒಳಗ ಬರತೈತಿ. ಆ ತಗಡಿನ ತೂತಿನ ಅಂಚು ಚಾಕುವಿನಂಗ ಇರತೈತಿ. ಕಾರು ಕುಲುಕಾಡಿ ಕುಲುಕಾಡಿ ವಾಯರಿನ ಪ್ಲಾಸ್ಟಿಕ್ ಸವೆದು ತಾಮ್ರ ತಗಡಿಗೆ ತಾಗಿತೋ, ಬ್ಯಾಟರಿ ಶಕ್ತಿ ಎಲ್ಲಾ ಅಲ್ಲೇ ಸುರಿದು ವಾಯರು ಒಲಿ ಕಡ್ಡಿ ಆಗತೈತಿ. ನಮ್ಮ ಸಂಡೂರು ರಸ್ತೆಯಾಗ ಅದಿರು ಲಾರಿ ಹಿಂದ ಒಂದು ಸಲ ಹೋಗಿ ಬಂದವ್ರಿಗೆ ಕುಲುಕಾಟ ಅಂದ್ರ ಏನಂತ ನಾ ಹೇಳಬೇಕಿಲ್ಲ. ತೂತಿಗೆ ರಬ್ಬರ್ ಬುಶ್ ಹಾಕಿ ಅದರೊಳಗ ವಾಯರು ತೂರಿಸಿದ ಆತ, ಮ್ಯಾಲ ಸುರುಳಿ ಪೈಪಿನ ಹೊದಿಕಿನೂ ಹಾಕಿದ.

ವಾಯರು ತಾಮ್ರದ್ದೇ ಇರಬೇಕು. ಅಗ್ಗದವು ಅಲ್ಯೂಮಿನಿಯಂ ಮ್ಯಾಲ ತಾಮ್ರದ ನೀರು ಕುಡಿಸಿದವು. ತುದಿ ಎಳಿ ಒಂದನ್ನ ಬ್ಲೇಡಿನಿಂದ ಕೆರದು ನೋಡಿದ್ರ ಒಳಗ ಬಿಳಿ ಕಾಣತೈತಿ. ಬಂಗಾರದ ಬಳಿ ಒರಿಗೆ ಹಚ್ಚಿ ನೋಡೋ ನಮಗ ಇದು ಬಾಳ ಅಲ್ಲ. ನೆಗೆಟಿವ್ ವಾಯರು ಸೀಟಿನ ಹತ್ರನೇ ಕಾರಿನ ಮೈಗೆ ಬಿಗೀತಾರ. ಅಲ್ಲಿ ಬಣ್ಣ ಕೆರದು ಬರೇ ತಗಡು ಕಾಣಬೇಕು, ಬಣ್ಣದ ಮ್ಯಾಲ ಬಿಗದ್ರ ಕರೆಂಟು ಸರಿಯಾಗಿ ಹರಿಯಂಗಿಲ್ಲ, ಸ್ಪೀಕರಿನಾಗ ಇಂಜಿನ್ ಜೋಡಿ ಕುಂಯ್ ಅನ್ನೋ ಸಪ್ಪಳನೂ ಬರತೈತಿ. ಕರೆಂಟಿನ ವಾಯರು ಕಾರಿನ ಒಂದು ಮಗ್ಗಲು, ದನಿ ತರೋ ವಾಯರು ಇನ್ನೊಂದು ಮಗ್ಗಲು ಹೋಗಬೇಕು ಅನ್ನೋದೂ ಅದಕ್ಕೇ.

ಹಳೇ ಸ್ಟೀರಿಯೋಕ್ಕ ಆಂಪ್ಲಿಫೈಯರ್ ಕೂಡಿಸೋ ಹಿಂದಿನ ತೂತು ಇರಲಿಲ್ಲ. ಹಂಗಂತ ಹೊಸಾ ಸ್ಟೀರಿಯೋ ಬೇಕಾಗಿಲ್ಲ. ಹಿಂದಿನ ಸ್ಪೀಕರಿಗೆ ಹೋಗೋ ವಾಯರಿನಿಂದಾನೇ ದನಿ ತಗೊಳ್ಳೋ ಸೌಲಭ್ಯ ಈ ಡಬ್ಬಿಯಾಗ ಐತಿ. ಕಂಪನಿ ವಾಯರು ಕತ್ತರಿಸದಂಗ ನಡುವ ಒಂದು ಜೋಡಣಿ ಹಾಕಿದ. ನಾಳೆ ಕಾರು ಮಾರಬೇಕಾದ್ರ ಎಲ್ಲಾ ಬಿಚ್ಕೋಬಹುದು.

ನಮ್ಮನೆಯವರ ಹೆದರಿಕಿ ಒಂದೇ ಇತ್ತು, ಬ್ಯಾಟರಿ. ಅವ್ವಗ ಸಕ್ಕರಿ ಕಾಯಿಲೆ. ಎರಡು ಸಲ ನಡುರಾತ್ರಿ ಸಕ್ಕರಿ ಇಳದು ಮೈಯೆಲ್ಲಾ ಬೆವತು ದವಾಖಾನಿಗೆ ಓಡೀವಿ. ನಮಗ ಆ ಕಾರೇ ಆಂಬುಲೆನ್ಸು. "ಹಾಡಿನ ಸಲುವಾಗಿ ಬ್ಯಾಟರಿ ಕುಂತು, ಅವತ್ತು ಗಾಡಿ ಚಾಲೂ ಆಗಲಿಲ್ಲಂದ್ರ?" ಅಂದ್ರು. ನನಗೂ ಅದು ಬಿಟ್ಟು ಬ್ಯಾರೆ ಯಾವ ಚಿಂತಿನೂ ದೊಡ್ಡದು ಅನಸಲಿಲ್ಲ. ಇದಕ್ಕ ಉತ್ತರ ಒಂದು ಸಣ್ಣ ವಾಯರಿನಾಗ ಐತಿ, ರಿಮೋಟ್ ವಾಯರು ಅಂತಾರ. ಅದು ಡಬ್ಬಿಗೆ "ಎದ್ದೇಳು, ಮಲಗು" ಅಂತ ಹೇಳೋ ವಾಯರು. ಅದನ್ನ ಕೀಲಿ ತಿರುವಿದಾಗ ಮಾತ್ರ ಕರೆಂಟು ಬರೋ ಜಾಗಕ್ಕ ಕೂಡಿಸಬೇಕು. ಸೀದಾ ಬ್ಯಾಟರಿಗೆ ಕೂಡಿಸಿ ಬಿಟ್ರ ಡಬ್ಬಿ ರಾತ್ರಿಯೆಲ್ಲಾ ಎಚ್ಚರ ಇರತೈತಿ, ಬ್ಯಾಟರಿ ಖಾಲಿ ಆಗತೈತಿ. ಆತ ಕೂಡಿಸಿ, ಕೀಲಿ ತಗದು, ಅರ್ಧ ತಾಸು ಬಿಟ್ಟು, ಮೀಟರ್ ಹಚ್ಚಿ ನಮ್ಮನೆಯವರಿಗೇ ತೋರಿಸಿದ. ಮನಿಗೆ ಬಂದು ಎರಡು ದಿನ ಕಾರು ಮುಟ್ಟದಂಗ ನಿಂದ್ರಿಸಿದ್ವಿ. ಮೂರನೇ ದಿನ ಒಂದೇ ಸಲಕ್ಕ ಚಾಲೂ ಆತು. ಆಮ್ಯಾಲೇ ಅವರ ಮುಖ ಸಡಿಲಾತು. ಇಂಜಿನ್ ಬಂದ್ ಮಾಡಿ ಹಾಡು ಹಚ್ಚೋದು ಮಾತ್ರ ನಮ್ಮಲ್ಲಿ ಬಂದ್.

ಖರ್ಚು ಕೇಳ್ತೀರಿ ಗೊತ್ತು. ಡಬ್ಬಿಗೆ 11,500, ವಾಯರು ಫ್ಯೂಸು ಎಲ್ಲಾ ಸೇರಿ 1,800, ಕೂಲಿ 1,200. ಒಟ್ಟು 14,500 ರೂಪಾಯಿ. ಇನ್ಸೂರೆನ್ಸಿನವ್ರಿಗೂ ಹೇಳಬೇಕು. ಕಂಪನಿ ಹಾಕಿದ್ದಲ್ಲದ ಕರೆಂಟಿನ ಸಾಮಾನಿಗೆ ಐಎಂಟಿ 24 ಅಂತ ಒಂದು ಕಲಮು ಐತಿ, ಸಾಮಾನಿನ ಬೆಲೆಯ ಶೇ 4ರಷ್ಟು ಪ್ರೀಮಿಯಂ ಹೆಚ್ಚು ಕಟ್ಟಿ ಪಾಲಿಸಿಯಾಗ ಬರಸಬೇಕು. ನಮಗ 460 ರೂಪಾಯಿ, ಮ್ಯಾಲ ಜಿಎಸ್‌ಟಿ. ಬರಸದಿದ್ರ ಕಳುವಾದಾಗ ಆ ಸಾಮಾನಿನ ದುಡ್ಡು ಕೇಳಾಕ ಬರಂಗಿಲ್ಲ.

ಒಂದು ಮಾತು ಹುಡುಗ್ರಿಗೆ ಓದಿ ಹೇಳ್ರಿ. ಸರ್ಕಾರದ 2000ದ ಶಬ್ದಮಾಲಿನ್ಯ ನಿಯಮದಾಗ ಮನಿಗಳಿರೋ ಕಡೆ ಹಗಲು 55 ಡೆಸಿಬಲ್, ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ 45 ಅಂತ ಮಿತಿ ಐತಿ. ದವಾಖಾನಿ, ಸಾಲಿ, ಕೋರ್ಟಿನ ಸುತ್ತ 100 ಮೀಟರ್ ನಿಶ್ಶಬ್ದ ವಲಯ. ಗಣಪತಿ ಹಬ್ಬದಾಗ ಎದಿ ಗೂಡು ನಡಗೋವಂಗ ಹಚ್ತಾರಲ್ಲ, ಅದು ನನಗ ಯಾವತ್ತೂ ಸೇರಿಲ್ಲ. ಹಂಪಿ ವಿಠ್ಠಲ ಗುಡಿಯಾಗ ಕಲ್ಲಿನ ಕಂಬಕ್ಕೂ ದನಿ ಐತಿ, ಬಡದು ಬಡದು ಹಾಳಾಗಬಾರ್ದಂತ ಈಗ ಮುಟ್ಟಾಕ ಬಿಡಂಗಿಲ್ಲ. ಕಿವಿ ಕಲ್ಲಿಗಿಂತ ಗಟ್ಟಿ ಅಲ್ಲಲ್ಲ.

ಕೂಡಿಸಿದ ಮ್ಯಾಲ ಮೊದಲ ಸಲ ಮನಿಯಾಗ ಹಚ್ಚಿದಾಗ ಮದ್ದಲಿಗಿಂತ ಮೊದಲು ಗುಂಯ್ ಅಂತ ಒಂದು ಸಪ್ಪಳ. ಜೇನುಹುಳ ಹೊಕ್ಕಂಗ. ಸಣ್ಣ ಸ್ಪೀಕರಿನಾಗ ಅದು ಗೊತ್ತೇ ಆಗಿರಲಿಲ್ಲ. ಮಗ ಒಂದು ದಿನ ತಲಿ ಕೆರಕೊಂಡ. ಮನಿ ಕರೆಂಟು ಸೆಕೆಂಡಿಗೆ 50 ಸಲ ಅಲುಗತೈತಿ, ಆ 50ರ ದನಿ ಟೇಪಿನಿಂದ ಲ್ಯಾಪ್‌ಟಾಪಿಗೆ ಇಳಿಸುವಾಗ ಒಳಗ ನುಸುಳಿತ್ತು. ಸಬ್‌ವೂಫರಿನ ಹೊಲ ಅದೇ ಅಲ್ಲ, ಚಂದಗೆ ಕೇಳಿಸ್ತು. ಟೇಪ್ ರೆಕಾರ್ಡರಿಗೆ ಸೆಲ್ ಹಾಕಿ, ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಇನ್ನೊಮ್ಮೆ ಇಳಿಸಿದ. ಗುಂಯ್ ಹೋತು. ಹಳೇ ಕ್ಯಾಸೆಟ್ ಇದ್ದವ್ರು ಹಿಂಗೇ ಇಳಿಸ್ರಿ.

ಸೋಮವಾರ ಕಂಪ್ಲಿಗೆ ಹೊರಟ್ವಿ. ಕಮಲಾಪುರ ದಾಟಿ ಒಂದು ಹುಣಸಿ ಮರದ ನೆರಳಿಗೆ ಕಾರು ನಿಂದ್ರಿಸಿ, ಇಂಜಿನ್ ಚಾಲೂ ಇಟ್ಟು, ಕೆಂಪು ಇಂಕಿನ ಕ್ಯಾಸೆಟ್ಟಿನದು ಹಚ್ಚಿದ್ವಿ. ಸೀಟು ಸಣ್ಣಗೆ ನಡಗಿತು. ಅವ್ವ ಎರಡೂ ಅಂಗೈ ಸೀಟಿನ ಮ್ಯಾಲ ಊರಿದ್ಲು.

"ಬಾಳ ಆತು. ಕಣಕ ಕೆರದು ತಗಿ," ಅಂದ್ಲು.

ಗೇರಿನ ಹತ್ರ ಬೇಸು ಹೆಚ್ಚು ಕಡಿಮಿ ಮಾಡೋ ಒಂದು ಗುಂಡಿ ಕೂಡಿಸ್ಯಾರ. ಮಗ ತುಸು ಇಳಿಸಿದ. "ಇನ್ನೂ." ಇಳಿಸಿದ. "ಈಗ ಕಡಿಮಿ ಆತು, ಒಣಗಿದಂಗ ಆತು." ಏರಿಸಿದ. ಎಷ್ಟನೇ ದನಿ ತನಕ ಡಬ್ಬಿ ಬಾರಿಸಬೇಕು ಅನ್ನೋ ಇನ್ನೊಂದು ಗುಂಡಿನೂ ಐತಿ, ಅಂಗಡಿಯವ 80ಕ್ಕ ಇಟ್ಟಿದ್ದ. ಅದನ್ನೂ ತಿರುವಿ ತಿರುವಿ 100ರ ಹತ್ರ ತಂದ. ಹತ್ತು ನಿಮಿಷ ಹಿಂಗೇ ಅಜ್ಜಿ ಮೊಮ್ಮಗ ಇಬ್ರೂ. ಕಡಿಗೆ ಒಂದು ಕಡೆ ಅವ್ವ "ಹಾಂ, ಅಲ್ಲೇ ಬಿಡು" ಅಂದ್ಲು. ನಾನು ಚೀಲದಾಗಿದ್ದ ಉಗುರು ಬಣ್ಣ ತಗದು ಗುಂಡಿ ಪಕ್ಕ ಒಂದು ಚುಕ್ಕಿ ಇಟ್ಟೆ. 75 ವ್ಯಾಟಿನಾಗ ಅರ್ಧಕ್ಕಿಂತ ಕಡಿಮಿಗೇ ನಿಂತೈತಿ ಅದು.

ಅವ್ವ ಕಣ್ಣು ಮುಚ್ಚಿ ಕೇಳಿದ್ಲು. ಒಂದು ಪದ ಮುಗೀತು, ಇನ್ನೊಂದು ಚಾಲೂ ಆತು. ನನಗ ಗಂಟಲು ತುಂಬಿ ಬಂದಿತ್ತು. ಆಕಿ ಕಣ್ಣು ತಗದು ಆರಾಮ ಅಂದ್ಲು:

"ಇದು ನಿಮ್ಮಪ್ಪ ಅಲ್ಲ."

ನಮಗ ತಿಳೀಲಿಲ್ಲ. ಮಿಷನ್ನು ಹಾಕ್ಕೊ ಬೇ ಅಂದೆ. "ಮಿಷನ್ ಯಾಕ ಬೇಕು. ನಿಮ್ಮಪ್ಪ ಎಡಗೈ ಹೊಡದು ಎತ್ತತಿದ್ದಿಲ್ಲ, ಒತ್ತಿ ಸರಸ್ತಿದ್ದ, ದನಿ ಗೂಂಕ್ ಅಂತ ಮ್ಯಾಲ ಏರತಿತ್ತು. ಇವ ಹೊಡದು ಬಿಡ್ತಾನ. ಇವ ಆ ಹುಡುಗ, ನಿಮ್ಮಪ್ಪನ ಹತ್ರ ಕಲ್ತು ಬ್ಯಾರೆ ಮೇಳಕ್ಕ ಹೋದನಲ್ಲ, ಅವ," ಅಂದ್ಲು. ಆಮ್ಯಾಲ ನಗಾಕ ಹತ್ತಿದ್ಲು. "ಇಷ್ಟು ವರ್ಷ ಅವನ ಮದ್ದಲಿಗೆ ಎಡಿ ಹಿಡದಾಳ ನಿಮ್ಮಕ್ಕ!"

ಎರಡನೇ ಕ್ಯಾಸೆಟ್ಟಿನ ಹಿಂದಿನ ಮಗ್ಗಲು ಹಚ್ಚಿದ್ವಿ. ಅದರ ಮ್ಯಾಲ ಊರ ಹೆಸರು ಬಿಟ್ರ ಏನೂ ಬರದಿರಲಿಲ್ಲ. ಮಂದಿ ಗದ್ದಲ, ಕೂಸು ಅಳೋದು, ಯಾರೋ ಚಾ ಕೇಳೋದು. ಆ ಗದ್ದಲದಾಗ ಮದ್ದಲಿ ಚಾಲೂ ಆತು, ಎಡಗಡೆ ಗೂಂಕ್ ಅಂತು. ಅವ್ವನ ಕೈ ಸೀಟಿನ ಮ್ಯಾಲಿಂದ ಎದ್ದು ಬಾಯಿಗೆ ಹೋತು. ಏನೂ ಹೇಳಲಿಲ್ಲ ಆಕಿ. ಹನ್ನೊಂದು ನಿಮಿಷ ಐತಿ ಅದು, ಆಮ್ಯಾಲ ಟೇಪು ಮುಗೀತೈತಿ. ಬುಕ್ಕಸಾಗರ ದಾಟೋ ತನಕ ಯಾರೂ ಮಾತಾಡಲಿಲ್ಲ. ರಾಮಸಾಗರದ ಹತ್ರ, "ಅವತ್ತು ಕಣಕ ಸ್ವಲ್ಪ ಗಟ್ಟಿ ಕಲಸಿದ್ದೆ ನೋಡು," ಅಂದ್ಲು. ಅಲ್ಲಿಂದ ಕಂಪ್ಲಿ ಮುಟ್ಟೋ ತನಕ ಮಾತು ನಿಲ್ಲಲಿಲ್ಲ. ಯಾವ ಊರಾಗ ಏನು ಊಟ ಹಾಕಿದ್ರು, ಎಲ್ಲಿ ಮಳಿ ಬಂದು ಆಟ ನಿಂತಿತ್ತು, ಅಪ್ಪ ಬೆಳಗಿನ ಜಾವ ಬಂದು ಮದ್ದಲಿ ಕೆಳಗಿಟ್ಟು ಮೊದಲು ಏನು ಕೇಳ್ತಿದ್ದ, ಎಲ್ಲಾ. ಇದರಾಗ ಅರ್ಧ ನನಗ ಹೊಸಾದು.

ಅಕ್ಕಗ ಹೇಳಬೇಕೋ ಬ್ಯಾಡೋ ಅಂತ ಎರಡು ದಿನ ನಾವು ಗಂಡ ಹೆಂಡತಿ ಮಾತಾಡಿಕೊಂಡ್ವಿ. ಅವರು ಬ್ಯಾಡ ಅಂದ್ರು, ನಂಬಿಕಿ ಯಾಕ ಕೆಡಸಬೇಕು ಅಂತ. ನಾವು ಮಾತಾಡ್ತಾ ಇರೋವಾಗ್ಲೇ ಅವ್ವ ತಾನೇ ಫೋನ್ ಹಚ್ಚಿಸ್ಕೊಂಡು ಹೇಳಿ ಬಿಟ್ಲು. ಆ ಕಡೆ ಅಕ್ಕ ಬಾಳ ಹೊತ್ತು ಸುಮ್ಮನಿದ್ಲು. ಸಿಟ್ಟು ಬಂದಿತ್ತು ಅಂತ ಆಮ್ಯಾಲ ನನಗ ಹೇಳಿದ್ಲು, ಅವ್ವನ ಮ್ಯಾಲ ಅಲ್ಲ, ಯಾರ ಮ್ಯಾಲ ಅಂತ ಆಕಿಗೇ ಗೊತ್ತಿಲ್ಲ. ಮಗ ಆ ಹನ್ನೊಂದು ನಿಮಿಷ ಫೋನಿಗೆ ಕಳಿಸಿದ. "ಅದೇ ಟಿಕ್ ಟಿಕ್ ಕೇಳತೈತಿ, ನನಗೇನೂ ಫರಕು ಗೊತ್ತಾಗವಲ್ದು," ಅಂದ್ಲು. ಫೋನಿನಾಗ ಗೊತ್ತಾಗಂಗಿಲ್ಲ ಅಕ್ಕ, ಇಲ್ಲಿಗೇ ಬಾ, ಅವ್ವನ ಸೀಟಿನಾಗ ಕುಂದ್ರು ಅಂದೀನಿ.

ಬರೋ ಅಮಾಸಿಗೆ ಬರ್ತಾಳಂತ. ಬೂಷ್ಟು ಹಿಡದ ಆ ಮೂರನೇ ಕ್ಯಾಸೆಟ್ ಬಿಚ್ಚಿ ಒರಸಿ ಕೊಡೋರು ಯಾರಾದ್ರೂ ಇದ್ರ ವಿಚಾರಿಸಿ ಇಡು ಅಂದಾಳ. ನಿಮಗ ಯಾರಾದ್ರೂ ಗೊತ್ತಿದ್ರ ಹೇಳ್ರಿ.